ಉಳವಪ್ಪ ಆರಿಸಿದ ಹನ್ನೊಂದು ಮಂದಿ

ಉಳವಪ್ಪನಿಗೆ ಇದ್ದ ದುಃಖ ಒಂದೇ. ಈ ಭೂಮಂಡಲದ ಮೇಲಿನ ಫುಟ್‌ಬಾಲ್ ಟೀಮುಗಳನ್ನು ಆರಿಸುವ ಅಧಿಕಾರ ಯಾರ ಯಾರದೋ ಕೈಯಲ್ಲಿತ್ತು, ಅವನ ಕೈಯಲ್ಲಿ ಮಾತ್ರ ಇರಲಿಲ್ಲ. ಎಲ್ಲೋ ಯಾವುದೋ ಟೀಮು ಸೋತಿದೆ ಎಂದು ಬೆಳಗಿನ ಪೇಪರಿನಲ್ಲಿ ಓದಿದರೆ ಸಾಕು, ಇತ್ತ ಬೆಳಗಾವಿಯ ಮಹಾಂತೇಶ ನಗರದ ಅವನ ಮನೆಯಲ್ಲಿ ಚಹಾ ಆರಿ ತಣ್ಣಗಾಗುತ್ತಿತ್ತು. "ಆ ಲೆಫ್ಟ್ ಬ್ಯಾಕನ್ನ ಯಾವ ಕತ್ತೆ ಆರಿಸಿತ್ತೋ ಏನೋ! ನನ್ನ ಒಂದು ಮಾತು ಕೇಳಿದ್ರ ಏನು ಗಂಟು ಹೋಗತಿತ್ತು ಇವರದು?" ಎಂದು ಅವನು ಗೋಡೆಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದ.

(ಸ್ವತಃ ಅವನು ಜನ್ಮದಲ್ಲಿ ಒಂದೇ ಸಲ ಚೆಂಡು ಒದ್ದವನು. ಓಣಿಯ ಮಕ್ಕಳ ಚೆಂಡು ಅಂಗಳದೊಳಗೆ ಬಂದು ಬಿದ್ದಿತ್ತು. ಉಳವಪ್ಪ ಹಿಂದೆ ಸರಿದು, ಓಡಿ ಬಂದು, ಬೀಸಿ ಒದ್ದ. ಚಪ್ಪಲಿ ಎದುರು ಮನೆಯ ಮಾಳಿಗೆಗೆ ಹೋಯಿತು. ಚೆಂಡು ಇದ್ದಲ್ಲೇ ಇತ್ತು.)

ಅವನು ಊರಿನ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಟೈಮ್‌ಕೀಪರ್. ಸಂಜೆ ಪಾಳಿ ಬಿಟ್ಟ ಮೇಲೆ ಕೆಲಸಗಾರರು ಹಿಂದಿನ ಬಯಲಿನಲ್ಲಿ ಚೆಂಡಾಡುತ್ತಿದ್ದರು. ಉಳವಪ್ಪ ಗೆರೆಯ ಹೊರಗೆ ನಿಂತು ಬಾಯಿ ಆಡಿಸುತ್ತಿದ್ದ. ಇವನನ್ನು ಯಾಕೆ ಆ ಜಾಗಕ್ಕೆ ಹಾಕಿದಿರಿ, ಅವನನ್ನು ಯಾಕೆ ಕೂರಿಸಿದಿರಿ, ಈ ಟೀಮಿಗೆ ಹೇಳುವವರು ಕೇಳುವವರು ಯಾರಾದರೂ ಇದ್ದಾರೋ ಇಲ್ಲವೋ ಎಂದು ಕತ್ತಲಾಗುವ ತನಕ ಅವನ ಭಾಷಣ.

ಅದು ಎಂಬತ್ತಮೂರನೇ ಇಸವಿ. ದೇಶಕ್ಕೆ ದೇಶವೇ ಕ್ರಿಕೆಟ್ಟಿನ ಕಪ್ಪು ಗೆದ್ದ ಗುಂಗಿನಲ್ಲಿತ್ತು. ಗಲ್ಲಿಯ ಪೋರರೆಲ್ಲ ಬಟ್ಟೆ ಒಗೆಯುವ ಬಡಿಗೆ ಕದ್ದು ಬ್ಯಾಟು ಮಾಡಿಕೊಂಡಿದ್ದರು. ಅಂಥ ಹೊತ್ತಿನಲ್ಲೂ ಉದ್ಯಮಬಾಗದವರು ಫುಟ್‌ಬಾಲ್ ಬಿಟ್ಟಿರಲಿಲ್ಲ. ಯಾಕೆಂದರೆ ದೀಪಾವಳಿ ಮುಗಿಯುತ್ತಲೇ ಬೆಳಗಾವಿಗೂ ಖಾನಾಪುರಕ್ಕೂ ಮ್ಯಾಚು ಇರುತ್ತಿತ್ತು. ಈ ಮ್ಯಾಚಿಗೆ ಒಂದು ವಿಚಿತ್ರ ಪದ್ಧತಿ. ಎರಡೂ ಕಡೆಯ ಆಟಗಾರರು ದುಡಿಯುವುದು ಅದೇ ಉದ್ಯಮಬಾಗದಲ್ಲಿ. ಒಬ್ಬನ ಮನೆ ಖಾನಾಪುರ, ಖೋಲಿ ಬೆಳಗಾವಿ. ಇನ್ನೊಬ್ಬ ಹುಟ್ಟಿದ್ದು ಬೆಳಗಾವಿ, ಬಿದ್ದುಕೊಂಡಿರುವುದು ಖಾನಾಪುರದ ಹೆಂಡತಿ ಮನೆಯಲ್ಲಿ. ಯಾರು ಯಾವ ಊರಿನವರೆಂದು ಬಿಡಿಸಲು ಹೋಗಿ ಒಮ್ಮೆ ತಲೆ ಒಡೆದಿದ್ದವಂತೆ. ಅಂದಿನಿಂದ ಒಂದು ಉಪಾಯ. ಆಟಗಾರರೆಲ್ಲ ಚಹಾದಂಗಡಿಯ ಮುಂದೆ ಸಾಲಾಗಿ ನಿಲ್ಲಬೇಕು. ಊರಿಗೆ ಒಬ್ಬರಂತೆ ಇಬ್ಬರು ಹಿರಿಯರು ಬಾಕಿನ ಮೇಲೆ ಎದುರು ಬದುರು ಕುಳಿತು, ಒಂದು ನನಗೆ ಒಂದು ನಿನಗೆ ಎಂದು ಸರದಿಯಂತೆ ಆರಿಸಿಕೊಳ್ಳಬೇಕು. ಅಣ್ಣ ತಮ್ಮಂದಿರು ಬೇರೆಯಾಗುವಾಗ ತಾಮ್ರದ ಕೊಡ ಹಂಚಿಕೊಂಡ ಹಾಗೆ. ಅದಕ್ಕೆ ಎಲ್ಲರೂ 'ವಾಟಣಿ' ಎಂದೇ ಕರೆಯುತ್ತಿದ್ದರು.

ಆ ವರ್ಷ ಬೆಳಗಾವಿ ಕ್ಲಬ್ಬಿನ ಕಾರ್ಯದರ್ಶಿ ಈರಣ್ಣ ಕೈಮುಗಿದುಬಿಟ್ಟ.

"ಉಳವಪ್ಪಾ, ನಿನ್ನ ಬಾಯಿ ಕೇಳಿ ಕೇಳಿ ನಮ್ಮ ಕಿವಿ ತೂತಾಗ್ಯಾವು. ಈ ಸರ್ತಿ ವಾಟಣಿಗೆ ನೀನ ಕುಂಡ್ರು. ಗೆದ್ರ ಆ ಖುರ್ಚಿ ಖಾಯಂ ನಿಂದು."

ಉಳವಪ್ಪ ಅಂದು ಸೈಕಲ್ಲಿನ ಮೇಲೆ ಮನೆಗೆ ಬಂದನೋ, ಹಾರಿ ಬಂದನೋ, ಅವನಿಗೇ ತಿಳಿಯದು. ಬಾಗಿಲಲ್ಲೇ ನಿಂತು ಹೆಂಡತಿಯನ್ನು ಕೂಗಿ ವಾರ್ತೆ ಹೇಳಿದ. ಸಂಗವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಮುಖ ಅರಳಿಸಿಕೊಂಡು ಎದ್ದು ಬಂದಳು. ಗಂಡನ ಫುಟ್‌ಬಾಲ್ ಸುದ್ದಿಗೆ ಅವಳು ಹೀಗೆ ಎದ್ದು ಬಂದದ್ದು ಮದುವೆಯಾದಾಗಿನಿಂದ ಇದೇ ಮೊದಲು.

"ಬಾಳ ಚಲೋ ಆತು ನೋಡ್ರಿ! ಹಂಗಾರ ಎಲ್ಲಾರಕಿಂತ ಮೊದಲು ನಮ್ಮ ಮೈಲಾರಿನ್ನ ಎತಗೋರಿ."

ಮೈಲಾರಲಿಂಗ ಅವಳ ಒಬ್ಬನೇ ತಮ್ಮ. ಅದೇ ಉದ್ಯಮಬಾಗದಲ್ಲಿ ಫಿಟ್ಟರ್. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವನು. ಬಂಗಾರದಂಥ ಹುಡುಗ, ಆದರೆ ಕಡ್ಡಿ. ಕನ್ಯೆ ಕೊಡಲು ಬಂದವರೆಲ್ಲ ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿ, "ಆರೋಗ್ಯ ಎಲ್ಲಾ ನೆಟ್ಟಗ ಐತಿಲ್ಲೋ?" ಎಂದು ಕೇಳಿ, ಅವಲಕ್ಕಿ ತಿಂದು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಇದೇ ಕೊರಗಿನಲ್ಲಿ ಸಂಗವ್ವನಿಗೆ ತುತ್ತು ಇಳಿಯುತ್ತಿರಲಿಲ್ಲ.

"ಕಣಕುಂಬಿ ಭರಮಪ್ಪನವರು ಮ್ಯಾಚಿನ ದಿನಾನ ಹುಡುಗನ್ನ ನೋಡಾಕ ಬರಾಕತ್ತಾರ," ಎಂದಳು. "ಬೆಳಗಾವಿ ಟೀಮಿನ್ಯಾಗ ಆಡೂದು ನೋಡಿದ್ರ ಹುಡುಗ ಗಟ್ಟಿ ಅದಾನಂತ ಅವರಿಗೆ ಖಾತ್ರಿ ಆಕ್ಕೈತಿ. ಇದೊಂದು ಸಂಬಂಧ ಕೈಬಿಟ್ರ ಅವನ ಲಗ್ನ ಆದಾಂಗ ನೋಡ್ರಿ."

ಉಳವಪ್ಪ ಅಂಗಿಯ ತೋಳು ಮಡಚಿಕೊಂಡು ಗಂಭೀರನಾದ. ಅಧಿಕಾರ ಬಂದು ಇನ್ನೂ ಒಂದು ತಾಸಾಗಿರಲಿಲ್ಲ, ಆಗಲೇ ವಶೀಲಿ!

"ನೋಡು, ಸಂಬಂಧ ಬ್ಯಾರೆ, ಸೆಲೆಕ್ಷನ್ ಬ್ಯಾರೆ. ಅಡಗಿಮನ್ಯಾಗ ಟೀಮು ಆರಿಸಿಯೇ ನಮ್ಮ ದೇಶ ಹಾಳಾಗಿದ್ದು. ನನ್ನ ಟೀಮಿನ್ಯಾಗ ಆಳು ಅಂದ್ರ ಗ್ವಾಡಿ ಇದ್ದಾಂಗ ಇರಬೇಕು. ಚೆಂಡು ಬಂದು ಬಡದ್ರ ಚೆಂಡ ಹೊಳ್ಳಿ ಹೋಗಬೇಕು, ಆಳು ಅಲುಗಬಾರದು. ನಿನ್ನ ತಮ್ಮ ಫ್ಯಾನ್ ಹಚ್ಚಿದ್ರ ಹಾರತಾನ."

"ಅಂವಾ ಎಷ್ಟು ಜೋರ ಓಡತಾನ, ನೀವ ನೋಡಿರಿಲ್ಲೋ?"

"ಓಡೂದು ಬಸ್ಸಿಗೂ ಬರತೈತಿ. ಆರಿಸೂ ಕಣ್ಣು ಎಲ್ಲಾರಿಗೂ ಇರೂದಿಲ್ಲ."

"ಅಯ್ಯ, ನಿಮ್ಮ ಆರಿಸೂ ಕಣ್ಣು ನನಗ ಗೊತ್ತಿಲ್ಲೇನು! ಹೋದ ವಾರ ಸಂತ್ಯಾಗ ಬಡದು ಬಡದು ನೋಡಿ ಆರಿಸಿ ತಂದ್ರಿ ಕುಂಬಳಕಾಯಿ. ಕೊಯ್ದರ ಒಳಗ ಬರೇ ಹುಳಾ."

"ಕುಂಬಳಕಾಯಿಗೂ ಫುಟ್‌ಬಾಲಿಗೂ ಏನು ಸಂಬಂಧ?"

"ಎರಡೂ ಗುಂಡಗಿರತಾವು, ಎರಡೂ ನಿಮಗ ತಿಳಿಯಂಗಿಲ್ಲ!"

ಸಂಗವ್ವ ಮತ್ತೆ ಮೊರ ಎತ್ತಿಕೊಂಡು ಕಲ್ಲು ಆರಿಸತೊಡಗಿದಳು. ತಲೆ ಎತ್ತದೆಯೇ, ಮೆತ್ತಗಿನ ದನಿಯಲ್ಲಿ, "ಆತು ಬಿಡ್ರಿ. ಮ್ಯಾಚಿನ ದಿನಾ ಮಧ್ಯಾನ್ನ ಊಟಕ್ಕರ ಟೀಮು ಕರಕೊಂಡು ನನ್ನ ತವರಮನಿಗೆ ಬರ್ರಿ. ಅಳಿಯಾನ ಟೀಮು ಖಾನಾಪುರಕ್ಕ ಬಂದು ಹೋಟೆಲಿನ್ಯಾಗ ಉಂಡ್ರ ನಮ್ಮವ್ವನ ಮಾರಿ ಏನಾಗಬೇಕು?" ಎಂದಳು. ಉಳವಪ್ಪನ ಎದೆ ಉಬ್ಬಿತು. ಹೆಂಡತಿ ಇಷ್ಟು ಬೇಗ ಸೋತಾಗ ಗಂಡಸಾದವನು ಸ್ವಲ್ಪ ಅನುಮಾನಪಡಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ವಾಟಣಿಯ ದಿನ ಚಹಾದಂಗಡಿಯ ಮುಂದೆ ಜಾತ್ರೆ. ಖಾನಾಪುರದ ಕಡೆಯಿಂದ ಕುಳಿತವನು ಅವಧೂತ ಮಾಸ್ತರ. ಸಾಲೆಯ ಮಕ್ಕಳಿಗೆ ಮರಾಠಿಯಲ್ಲಿ ಲೆಕ್ಕ ಹೇಳಿ, ಕನ್ನಡದಲ್ಲಿ ಬೈಯುವ ಸಣ್ಣ ದನಿಯ ಮನುಷ್ಯ. ಮೊದಲ ಸರದಿ ಬೆಳಗಾವಿಯದು. ಉಳವಪ್ಪ ಎದ್ದು ನಿಂತು, ಸಾಲಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡಿದ. ಒಬ್ಬನ ಭುಜ ಒತ್ತಿ ನೋಡಿದ, ಒಬ್ಬನ ಮೀನಖಂಡ ಹಿಂಡಿದ. ಎತ್ತಿನ ಪೇಟೆಯಲ್ಲೂ ಇಷ್ಟು ಹೊತ್ತು ಯಾರೂ ನೋಡುವುದಿಲ್ಲ.

"ಹಣಮಪ್ಪ!" ಎಂದು ಗರ್ಜಿಸಿದ. ಹಣಮಪ್ಪ ಮೋಲ್ಡಿಂಗ್ ಖಾತೆಯವನು. ಇಬ್ಬರು ಎತ್ತುವ ಪೆಟ್ಟಿಗೆಯನ್ನು ಒಬ್ಬನೇ ಎತ್ತಿ, ಎತ್ತಿದ್ದು ಯಾಕೆಂದು ಮರೆತು ನಿಲ್ಲುವವನು. ಅವನು ಬಂದು ಹಿಂದೆ ನಿಂತಾಗ ಅಂಗಡಿಗೆ ನೆರಳು ಬಿತ್ತು. ಗೋಲಿಗೆ ರಾಯಪ್ಪನನ್ನು ಆರಿಸಿದ. ರಾಯಪ್ಪ ಬಾಗಿಲಲ್ಲಿ ನಿಂತರೆ ಬಾಗಿಲು ಹಾಕುವ ಅಗತ್ಯವಿರಲಿಲ್ಲ. ಹೀಗೆ ಉಳವಪ್ಪ ಭಾರದ ಮೇಲೆ ಭಾರ ಹೇರುತ್ತ ಹೋದ. ಅವಧೂತ ಮಾಸ್ತರ ಮಾತ್ರ ಚಹಾ ಹೀರುತ್ತ, ಅಳಿಲಿನಂಥ ಹುಡುಗರನ್ನು ಒಬ್ಬೊಬ್ಬರಾಗಿ ಬೆರಳು ಮಾಡಿ ಕರೆದುಕೊಂಡ.

ಎರಡೂ ಕಡೆ ಹನ್ನೊಂದಾದಾಗ ಸಾಲಿನಲ್ಲಿ ಉಳಿದವನು ಒಬ್ಬನೇ, ಮೈಲಾರಲಿಂಗ. ಸರದಿ ಬೆಳಗಾವಿಯದು.

"ತಗೋ ಉಳವಪ್ಪಾ," ಎಂದ ಈರಣ್ಣ. "ಹನ್ನೆರಡನೇ ಆಳಂತ ಇರಲಿ. ಯಾರಿಗರ ಪೆಟ್ಟ ಬಿದ್ರ ಬೇಕಾಕ್ಕಾನ. ಅದೂ ಅಲ್ಲದ ನಿನ್ನ ಹೆಂಡತಿ ತಮ್ಮ."

ಆ ಕೊನೆಯ ಮಾತು ಆಡಬಾರದಿತ್ತು. ಇಡೀ ಉದ್ಯಮಬಾಗ ತನ್ನನ್ನೇ ನೋಡುತ್ತಿದೆ ಎನಿಸಿ ಉಳವಪ್ಪನಿಗೆ ನ್ಯಾಯನಿಷ್ಠೆ ಉಕ್ಕಿ ಬಂತು.

"ನಾ ಆರಿಸಿದ ಆಳಿಗೆ ಪೆಟ್ಟ ಬೀಳೂದಿಲ್ಲ, ಅವ ಬಡದ್ರ ಮಂದಿಗೆ ಬೀಳತೈತಿ! ನನಗ ಹನ್ನೆರಡನೇ ಆಳು ಬ್ಯಾಡ. ಉಳಿದಿದ್ದು ಖಾನಾಪುರಕ್ಕ ಹೋಗಲಿ."

ಮೈಲಾರಿಯ ಮುಖ ಬಾಡಿತು. ಅವಧೂತ ಮಾಸ್ತರ ಅವನ ಬೆನ್ನ ಮೇಲೆ ಕೈಯಿಟ್ಟು, "ಛಲೋ ಆತು. ನಮ್ಮಲ್ಲೆ ಜಾಗಾ ಅದ, ಬಾ," ಎಂದು ಕರೆದುಕೊಂಡು ಹೋದ. ಮಾಸ್ತರ ತನ್ನ ಹನ್ನೊಂದರಲ್ಲಿ ಒಬ್ಬನನ್ನು ಕೂರಿಸಿ ಇವನನ್ನೇ ಆಡಿಸುತ್ತಾನೆಂದು ಉಳವಪ್ಪನಿಗೆ ಆಗ ಹೇಗೆ ಗೊತ್ತಾಗಬೇಕು?

ಮ್ಯಾಚಿನ ಭಾನುವಾರ ಟೀಮು ಕೆಂಪು ಬಸ್ಸಿಳಿದು ನೇರ ಉಳವಪ್ಪನ ಅತ್ತೆಯ ಮನೆಗೆ ಹೋಯಿತು. ಸಂಗವ್ವ ಮೊದಲೇ ಹೋಗಿ ಸೆರಗು ಬಿಗಿದಿದ್ದಳು. ಪಡಸಾಲೆಯಲ್ಲಿ ಉದ್ದಕ್ಕೆ ಎಲೆ ಹಾಕಿತ್ತು. ಕಡಲೆಬೇಳೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಬದನೆ, ಹಪ್ಪಳ, ಸಂಡಿಗೆ. ತುಪ್ಪದ ತಂಬಿಗೆ ಹಿಡಿದು ಅತ್ತೆ ಕಾಶವ್ವ ನಿಂತಿದ್ದಳು. ಬುಟ್ಟಿ ಹಿಡಿದು ಬಡಿಸುವವನು ಮನೆಯ ಮಗ ಮೈಲಾರಿ. ಬಂದ ಮಂದಿ ಏಳುವ ತನಕ ಬಡಿಸುವವನಿಗೆ ಊಟವೆಲ್ಲಿಯದು? ಎರಡು ಬಾಳೆಹಣ್ಣು ತಿಂದು ನಿಂತಿದ್ದ.

ಅಳಿಯನ ಊಟದ ಕಾಯದೆ ಎರಡೇ. ಖಾಲಿ ಎಲೆ ಕಂಡರೆ ಬಡಿಸಬೇಕು. ಅಳಿಯ ಏಳುವ ತನಕ ಪಂಗತಿಯಲ್ಲಿ ಯಾರೂ ಏಳಬಾರದು. ಎದ್ದರೆ ಅಳಿಯನಿಗೂ ಅವಮಾನ, ಮನೆಗೂ ಅವಮಾನ. ಹನ್ನೊಂದೂ ಮಂದಿ ಎರಡೆರಡು ಹೋಳಿಗೆ ಉಂಡು ತಯಾರಾಗಿ ಕುಳಿತರು. ಆದರೆ ಉಳವಪ್ಪನಿಗೆ ಆ ಹೊತ್ತಿಗೇ ಟೀಮಿಗೆ ಯುದ್ಧತಂತ್ರ ಬೋಧಿಸುವ ಉಮೇದು ಬಂತು. ತನ್ನ ಎಲೆಯನ್ನೇ ಮೈದಾನ ಮಾಡಿಕೊಂಡ.

"ಎಲ್ಲಾರೂ ಇಲ್ಲಿ ನೋಡ್ರಿ. ಈ ಹಪ್ಪಳ ನಮ್ಮ ಗೋಲು. ಈ ಬದನಿಕಾಯಿ ಹಣಮಪ್ಪ. ಬಾಜುಕ ಸಂಡಿಗಿ, ಅವ ರೈಟ್ ಬ್ಯಾಕ್..."

"ಹಣಮಪ್ಪಣ್ಣ, ಎಲಿ ಖಾಲಿ ಆಗೇತಿ," ಎಂದು ಮೈಲಾರಿ ಒಂದು ಹೋಳಿಗೆ ಹಾಕಿದ.

"...ಅವರು ಎಡಕಿನಿಂದ ಬಂದ್ರಂತ ತಿಳೀರಿ. ಆಗ ಬದನಿಕಾಯಿ ಏನು ಮಾಡಬೇಕು?"

ಬದನೆಕಾಯಿ ಏನು ಮಾಡಬೇಕೆಂದು ಉಳವಪ್ಪ ವಿವರಿಸುವಷ್ಟರಲ್ಲಿ ಬುಟ್ಟಿ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂತು. ಈರಣ್ಣ ಹೊಟ್ಟೆ ಹಿಡಿದುಕೊಂಡು, "ಉಳವಪ್ಪಾ, ಏಳೋ ಮಾರಾಯಾ, ನಿನ್ನ ಕಾಲ ಬೀಳತೇನಿ," ಎಂದು ಗೋಗರೆದ.

"ತಡಿಯೋ, ಸೆಂಟರ್ ಫಾರ್ವರ್ಡ್ ಇನ್ನೂ ಹೊಂಟೇ ಇಲ್ಲ!"

ರಾಯಪ್ಪ ಬೇಡವೆಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಸಂಗವ್ವ ತುಪ್ಪದ ತಂಬಿಗೆಯನ್ನು ತಾಯಿಯ ಕೈಯಿಂದ ಇಸಿದುಕೊಂಡು ಬಂದಳು. "ಕೈ ತಗೀರಿ ಅಣ್ಣಾರ. ನಮ್ಮ ಮನಿಯವರು ಗ್ವಾಡಿಯಂಥಾ ಆಳು ಆರಿಸೀನಿ ಅಂದಾರ. ಗ್ವಾಡಿಗೆ ಗಿಲಾವ ಬ್ಯಾಡೇನು?" ಎಂದು ಧಾರೆ ಬಿಟ್ಟಳು. ಉಳವಪ್ಪ ಎದ್ದಾಗ ಟೀಮು ಏಳಲಿಲ್ಲ. ಗೋಡೆ ಹಿಡಿದು, ಕಂಬ ಹಿಡಿದು, ಒಬ್ಬರನ್ನೊಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಮೈದಾನದಲ್ಲಿ ಖಾನಾಪುರಕ್ಕೆ ಖಾನಾಪುರವೇ ನೆರೆದಿತ್ತು. ಒಂದು ಗೋಲಿನ ಹಿಂದೆ ಹೆಂಗಸರು. ಅಲ್ಲೇ ಒಂದು ಖುರ್ಚಿ ಹಾಕಿಸಿ, ತಲೆಗೆ ಬಿಳಿ ಪಟಗ ಸುತ್ತಿದ ಭರಮಪ್ಪನವರನ್ನು ಸಂಗವ್ವ ಕೂರಿಸಿದ್ದಳು. ತಮ್ಮ ಯಾವ ಊರಿನ ಪರವಾದರೂ ಆಡಲಿ, ಅವರ ಕಣ್ಣಿಗೆ ಬಿದ್ದರೆ ಸಾಕಾಗಿತ್ತು ಅವಳಿಗೆ. ಒಳಗೊಳಗೇ ದೇವರನ್ನು ನೆನೆಯುತ್ತ, ಸೆರಗಿನ ತುದಿ ತಿರುವುತ್ತ ನಿಂತಿದ್ದಳು.

ಸೀಟಿ ಊದಿತು. ಖಾನಾಪುರದ ಹುಡುಗರು ನಾಲ್ಕೂ ಕಡೆಯಿಂದ ನುಗ್ಗಿದರು. ಬೆಳಗಾವಿಯವರು ಓಡಲಿಲ್ಲ. ಓಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಮ್ಮ ಗೋಲಿನ ಮುಂದೆ ಸಾಲಾಗಿ ನಿಂತುಬಿಟ್ಟರು. ಆಶ್ಚರ್ಯ ನೋಡಿ, ಅದೇ ಒಳ್ಳೆಯದಾಯಿತು! ಚೆಂಡು ಬಂದು ಹಣಮಪ್ಪನ ಹೊಟ್ಟೆಗೆ ಬಡಿದು ಹಿಂದೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬಂದು ಇನ್ನೊಂದು ಹೊಟ್ಟೆಗೆ ಬಡಿಯುತ್ತಿತ್ತು. ಅರ್ಧ ಆಟ ಮುಗಿದರೂ ಗೋಲಿಲ್ಲ. ಉಳವಪ್ಪ ಗೆರೆಯ ಹೊರಗೆ ಕುಣಿದಾಡಿದ. "ಗ್ವಾಡಿ ಅಂದಿದ್ದೆಲ್ಲೋ! ಗ್ವಾಡಿ! ನೋಡ್ರಲೇ ಸೆಲೆಕ್ಷನ್ ಅಂದ್ರ ಏನಂತ!"

ವಿರಾಮದಲ್ಲಿ ರಾಯಪ್ಪ ಜಾಲಿ ಗಿಡದ ನೆರಳಿಗೆ ಅಡ್ಡಾದ. ಮತ್ತೆ ಸೀಟಿ ಊದಿದಾಗ ಅವನಿಂದ ಬಂದ ಉತ್ತರ ಗೊರಕೆ. ಅಲುಗಿಸಿದರು, ನೀರು ಎರಚಿದರು, ನಾಲ್ಕು ಜನ ಸೇರಿ ಎತ್ತಿದರು. ಅವನು ನಿದ್ದೆಯಲ್ಲೇ, "ಸಾಕ್ರೀ ಯಕ್ಕಾರ, ತುಪ್ಪ ಬ್ಯಾಡ್ರಿ," ಎಂದು ಮಗ್ಗುಲು ಬದಲಿಸಿದ.

"ಹನ್ನೆರಡನೇ ಆಳು ಎಲ್ಲಿ?" ಎಂದ ರೆಫರಿ.

ಎಲ್ಲರೂ ಎದುರು ಕಡೆ ನೋಡಿದರು. ಅಲ್ಲಿ ಮೈಲಾರಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ಆಮೇಲೆ ಎಲ್ಲರೂ ಉಳವಪ್ಪನ ಕಡೆ ನೋಡಿದರು. ಈರಣ್ಣ ರಾಯಪ್ಪನ ಮೈಮೇಲಿನ ಜರ್ಸಿ ಸುಲಿದು ತಂದು ಉಳವಪ್ಪನ ಕೊರಳಿಗೆ ತುರುಕಿದ. ಅದು ಮೊಣಕಾಲಿನ ತನಕ ಇಳಿಯಿತು. "ನಡಿ. ಆರಿಸಿದಾವ ನೀನ, ಹೋಗಿ ನಿಂದ್ರು."

ಎರಡನೇ ಅರ್ಧದಲ್ಲಿ ಬೆಳಗಾವಿಯ ಗೋಲು ಹೆಂಗಸರಿದ್ದ ಕಡೆಗೆ ಬಂದಿತ್ತು. ಉಳವಪ್ಪ ಹೋಗಿ ಕಂಬಗಳ ನಡುವೆ ನಿಂತ. ಅಷ್ಟರಲ್ಲಿ ಒಂದು ಚೆಂಡು ಸುಂಯ್ ಎಂದು ಬಂತು. ಉಳವಪ್ಪ ಹೆದರಿ ಬೆನ್ನು ತಿರುವಿದ. ಚೆಂಡು ಬೆನ್ನಿಗೆ ಬಡಿದು ಹೊರಗೆ ಹೋಯಿತು. ಜನ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು! ಉಳವಪ್ಪನ ಜೀವಮಾನದಲ್ಲಿ ಯಾರೂ ಅವನಿಗಾಗಿ ಚಪ್ಪಾಳೆ ತಟ್ಟಿರಲಿಲ್ಲ. ಆ ಸದ್ದು ನೆತ್ತಿಗೇರಿತು. ಹೆದರಿಕೆ ಹೋಯಿತು. ಕೈಗೆ ಉಗುಳು ಹಚ್ಚಿ ಉಜ್ಜಿಕೊಂಡ. ಇಂದು ಆಕಾಶ ಕಳಚಿ ಬಿದ್ದರೂ ಸರಿಯೇ, ಇಲ್ಲಿಂದ ಒಂದು ಇಂಚು ಕದಲಲಾರೆ ಎಂದು ನಿರ್ಧರಿಸಿದ.

ಕೊನೆಯ ಗಳಿಗೆ. ಚೆಂಡು ಮೈಲಾರಿಯ ಕಾಲಿಗೆ ಸಿಕ್ಕಿತು. ಹುಡುಗ ಹೊರಟ ನೋಡಿ! ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಹಣಮಪ್ಪ ಅಡ್ಡ ಬರಬೇಕೆಂದು ಒಂದು ಹೆಜ್ಜೆ ಎತ್ತಿ, ತೇಗು ಬಂದು ಅಲ್ಲೇ ನಿಂತ. ಇನ್ನು ಉಳಿದವರು ಇಬ್ಬರೇ, ಅಕ್ಕನ ಗಂಡ ಮತ್ತು ಹೆಂಡತಿಯ ತಮ್ಮ. ಉಳವಪ್ಪ ಎರಡೂ ಕೈ ಅಗಲಿಸಿ, ಕಣ್ಣು ಕೆಂಪಗೆ ಮಾಡಿ, ದ್ವಾರಪಾಲಕನಂತೆ ನಿಂತ. ಚೆಂಡಂತೂ ನೇರ ಅವನ ಎದೆಗೇ ಬರುತ್ತಿತ್ತು. ನಿಂತಿದ್ದರೆ ಸಾಕಿತ್ತು, ಸುಮ್ಮನೆ ನಿಂತಿದ್ದರೆ ಸಾಕಿತ್ತು!

ಹಿಂದಿನಿಂದ ಒಂದು ಕೂಗು ಬಂತು.

"ರೀ! ಬಾಜುಕ ಸರೀರಿ!"

ಕಸ ಗುಡಿಸುವಾಗ, ನೀರಿನ ಕೊಡ ತರುವಾಗ, ಬಿಸಿ ಹಂಚು ಇಳಿಸುವಾಗ ದಿನಕ್ಕೆ ಎಷ್ಟು ಸಲವೋ ಕೇಳಿದ ದನಿ ಅದು. ಉಳವಪ್ಪನ ತಲೆ ನಿಲ್ಲು ಎಂದಿತು. ಕಾಲು ಯಾವತ್ತೂ ಅವನ ತಲೆಯ ಮಾತು ಕೇಳಿ ರೂಢಿ ಇದ್ದವಲ್ಲ. ಅವು ಟಣ್ಣನೆ ಬಲಕ್ಕೆ ಹಾರಿ ಕಂಬಕ್ಕೆ ಒತ್ತಿ ನಿಂತವು. ಚೆಂಡು ಒಳಗೆ ಹೋಯಿತು. ಸೀಟಿ ಊದಿತು. ಖಾನಾಪುರ ಮೈಲಾರಿಯನ್ನು ಹೆಗಲ ಮೇಲೆ ಹೊತ್ತು ಹೊರಟಿತು.

ಉಳವಪ್ಪ ಬೆಂಕಿಯಾಗಿ ಹೆಂಡತಿಯ ಹತ್ತಿರ ಬಂದ. "ಬುದ್ಧಿ ಐತೇನ ನಿನಗ? ಗೋಲ್‌ಕೀಪರಗ ಯಾರರ ಬಾಜುಕ ಸರೀರಿ ಅಂತಾರೇನು?"

ಸಂಗವ್ವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಾ ಗೋಲ್‌ಕೀಪರಗ ಹೇಳಿಲ್ಲ, ನನ್ನ ಗಂಡಗ ಹೇಳೀನಿ. ಅಂಥಾ ಚೆಂಡು ಎದಿಗೆ ಬಡದಿದ್ರ ನನ್ನ ಗತಿ ಏನಾಗಬೇಕಿತ್ರಿ? ನಿಮ್ಮ ಗೋಲು ಹಾಳಾಗಿ ಹೋಗಲಿ!"

ಉಳವಪ್ಪ ಜರ್ಸಿಯ ಅಂಚು ಹಿಂಡುತ್ತ ನಿಂತ. ಅಷ್ಟರಲ್ಲಿ ಭರಮಪ್ಪನವರು ಖುರ್ಚಿಯಿಂದ ಎದ್ದು, ಪಟಗ ಸರಿಮಾಡಿಕೊಂಡು ಬಂದರು. ಕಾಶವ್ವ ಮುಂದೆ ಬಂದು, "ಹುಡುಗ ಮನಸಿಗೆ ಬಂದ್ನೇನ್ರಿ?" ಎಂದು ಕೇಳಿದಳು.

"ಹುಡುಗನ್ನ ಯಾರು ನೋಡ್ಯಾರಬೇ? ಆ ಧೂಳಿನ್ಯಾಗ ಹುಡುಗ ಯಾವ, ಚೆಂಡು ಯಾವುದು ಒಂದೂ ತಿಳೀಲಿಲ್ಲ," ಎಂದರು ಭರಮಪ್ಪನವರು.

ಸಂಗವ್ವನ ಮುಖ ಬಿಳಿಚಿತು. ಭರಮಪ್ಪನವರು ಉಳವಪ್ಪನ ಹೆಗಲ ಮೇಲೆ ಕೈಯಿಟ್ಟರು.

"ನಾ ನೋಡಿದ್ದು ಇವರನ್ನ. ಇಡೀ ಊರು ನೋಡಾಕತ್ತಿತ್ತು, ಮರ್ಯಾದಿ ಪ್ರಶ್ನೆ ಇತ್ತು, ಆದರೂ ಹೆಂಡತಿ ಒಂದು ಮಾತಂದ ಕೂಡ್ಲೆ ಸರದಬಿಟ್ರು! ನನಗ ಗಟ್ಟಿ ಆಳು ತಗೊಂಡು ಏನು ಮಾಡೂದೈತಿ? ಇಂಥಾ ಗಂಡಸರು ಇರೂ ಮನಿಗೆ ನನ್ನ ಮಗಳನ್ನ ಕಣ್ಣು ಮುಚ್ಚಿ ಕೊಡತೇನಿ. ಒಂದ ಮಾತು, ಹುಡುಗನೂ ಇವರಂಗ ಅದಾನೋ?"

"ಅಂವಾ ಇನ್ನೂ ಸಣ್ಣಾವರಿ," ಎಂದಳು ಸಂಗವ್ವ, ಕಣ್ಣೊರೆಸಿಕೊಂಡು ನಗುತ್ತ. "ಕಮ್ಮಿ ಬಿದ್ದದ್ದು ಇವರು ಕಲಿಸಿಕೊಡತಾರ."

ಈರಣ್ಣನೂ ಹಣಮಪ್ಪನೂ ಹಿಂದೆ ನಿಂತು ಕೇಳುತ್ತಿದ್ದರು. "ಹ್ಞಾಂ, ಈ ಸೆಲೆಕ್ಷನ್ ಬರೋಬರಿ ಆತು ನೋಡು," ಎಂದ ಈರಣ್ಣ.

ಉಳವಪ್ಪನಿಗೆ ತಡೆಯಲಾಗಲಿಲ್ಲ. ಇದು ಅನ್ಯಾಯ, ಅದು ಕಾಲು ಜಾರಿದ್ದು, ಬಿಸಿಲು ಕಣ್ಣಿಗೆ ಹೊಡೆದಿತ್ತು, ತಾನು ಯಾರ ಮಾತಿಗೂ ಸರಿಯುವ ಗಂಡಸಲ್ಲ ಎಂದು ಸಾರಿಬಿಡಲು ಎದೆಯುಬ್ಬಿಸಿ ಬಾಯಿ ತೆರೆದ. ಸಂಗವ್ವ ಅವನ ಕಡೆ ಒಮ್ಮೆ ನೋಡಿದಳು. ಉಳವಪ್ಪ ಬಾಯಿ ಮುಚ್ಚಿದ.

ಭರಮಪ್ಪನವರು ಅದನ್ನೂ ಕಂಡು ಬಲು ಖುಷಿಯಾದರು. "ನಾಳೆ ಯಾಕ್ರಿ," ಎಂದರು ಕಾಶವ್ವನಿಗೆ, "ಇವತ್ತ ಸಕ್ಕರಿ ಹಂಚಿ ನಿಶ್ಚಯ ಮಾಡಿಬಿಡ್ರಿ."